ಅಣಬೆಗೆ ಕತ್ತಲೆ ಬೇಕು ಎಂದವರೆಲ್ಲ ಇಲ್ಲಿ ಬನ್ನಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. "ಅಕ್ಕಾ, ಆ ಅಣಬೆ ವಿಡಿಯೋ ಯಾಕೆ ಡಿಲೀಟ್ ಮಾಡಿದ್ರಿ? ಮನೆಯವ್ರೆಲ್ಲ ಕೂತು ಎಷ್ಟು ನಕ್ಕಿದ್ವಿ ಗೊತ್ತಾ?" ಎಂದು ಇವತ್ತು ಬೆಳಿಗ್ಗೆಯೂ ಒಬ್ಬರು ಮೆಸೇಜ್ ಕಳಿಸಿದ್ದಾರೆ. ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಸಾಕಾಗಿದೆ. ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆಯುತ್ತಿದ್ದೇನೆ. ನಗುವುದಕ್ಕೆ ಬಂದವರು ಇಲ್ಲಿಂದಲೇ ಮುಂದಕ್ಕೆ ಹೋಗಿ.

ಆ ವಿಡಿಯೋದಲ್ಲಿ ಇದ್ದದ್ದು ನನ್ನ ಅತ್ತೆ. ಅದನ್ನು ನೋಡಿದ ಮರುದಿನ ಅವರು ಬ್ಯಾಗು ಹಿಡಿದುಕೊಂಡು ನಜರ್‌ಬಾದಿನ ಮಗಳ ಮನೆಗೆ ಹೋದರು. ಅವರು ವಾಪಸ್ ಬರುತ್ತಾರೋ ಇಲ್ಲವೋ ಎನ್ನುವುದು ನಮ್ಮ ಮನೆಯಲ್ಲಿ ಈಗ ಇರುವ ಒಂದೇ ಪ್ರಶ್ನೆ. ಉಳಿದದ್ದೆಲ್ಲ ಅದರ ಮುಂದೆ ಏನೂ ಅಲ್ಲ, ಅಣಬೆಯೂ ಸೇರಿ. ಆದರೆ ಶುರುವಾದದ್ದು ಅಣಬೆಯಿಂದ. ಹಾಗಾಗಿ ಅಲ್ಲಿಂದಲೇ ಹೇಳಬೇಕು.

ನಮ್ಮದು ದಟ್ಟಗಳ್ಳಿಯಲ್ಲಿ ಮೂವತ್ತು ನಲವತ್ತರ ಸೈಟಿನ ಮನೆ. ನಾನು, ಯಜಮಾನರು, ಅತ್ತೆ, ಮೂರೇ ಜನ. ಅಡುಗೆಮನೆ ಪಕ್ಕ ಒಂದು ಸಣ್ಣ ಸಾಮಾನು ರೂಮಿದೆ. ಹಳೇ ಕುಕ್ಕರು, ಹರಿದ ಹಾಸಿಗೆ, ಒಂದು ಸಲವೂ ಉಪಯೋಗಿಸದ ವ್ಯಾಯಾಮದ ಸೈಕಲ್ಲು, ಇವುಗಳ ಸ್ಮಶಾನ. ಅದನ್ನು ಖಾಲಿ ಮಾಡಿ ಚಿಪ್ಪು ಅಣಬೆ ಬೆಳೆಯೋಣ ಎಂದು ನನಗೆ ಹುಚ್ಚು ಹತ್ತಿತು. ಫೋನಿನಲ್ಲಿ ನೋಡಿ ನೋಡಿ ಹತ್ತಿದ ಹುಚ್ಚು. ಮೂವತ್ತು ಸೆಕೆಂಡಿನಲ್ಲಿ ಹುಲ್ಲು ನೆನೆಸಿ, ಚೀಲ ಕಟ್ಟಿ, ಬುಟ್ಟಿ ತುಂಬ ಅಣಬೆ ಕೊಯ್ದು ನಗುತ್ತಾರಲ್ಲ, ಅವರ ಕೈಗೆ ಸಿಕ್ಕಿಬಿದ್ದವಳು ನಾನು.

ಆಮೇಲೆ ಬನ್ನಿಮಂಟಪದ ಹತ್ತಿರ ಒಂದು ಅಂಗಡಿ ಮಹಡಿಯಲ್ಲಿ ಒಂದು ದಿನದ ತರಬೇತಿಗೆ ಹೋದೆ. ಪ್ಲಾಸ್ಟಿಕ್ ಕುರ್ಚಿ, ಮಧ್ಯಾಹ್ನ ಪಲಾವು, ಸಾಯಂಕಾಲ ಫೋಟೋ ಸಮೇತ ಸರ್ಟಿಫಿಕೇಟು. ಕಲಿಸಿದ ಮಹಾನುಭಾವರು ಇಡೀ ದಿನ ಹೇಳಿದ್ದು ಒಂದೇ ಮಾತು: ಕತ್ತಲೆ. "ಕತ್ತಲೆ ಇದ್ರೆ ಅಣಬೆ, ಬೆಳಕು ಬಿದ್ರೆ ಗೊಬ್ಬರ. ಬರ್ಕೊಳ್ಳಿ." ನಾವೆಲ್ಲ ಬರೆದುಕೊಂಡೆವು. ನಾನು ಅದರ ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಮನೆಗೆ ಬಂದು ರೂಮಿನ ಕಿಟಕಿಗೆ ಕಪ್ಪು ಟಾರ್ಪಾಲು ಹೊಡೆಸಿದೆ. ಬಾಗಿಲ ಕೆಳಗಿನ ಸಂದಿಗೆ ಹಳೇ ಬೆಡ್‌ಶೀಟು ತುರುಕಿದೆ. ಭತ್ತದ ಹುಲ್ಲನ್ನು ಕತ್ತರಿಸಿ, ನೆನೆಸಿ, ಬಿಸಿನೀರಲ್ಲಿ ಬೇಯಿಸಿ, ಆರಿಸಿ, ಒಂದು ಪದರ ಹುಲ್ಲು ಒಂದು ಪದರ ಅಣಬೆ ಬೀಜ ಹಾಕಿ ಪ್ಲಾಸ್ಟಿಕ್ ಚೀಲ ತುಂಬಿದೆ. ಎಂಟು ಚೀಲ. ಸೀಲಿಂಗಿನ ಕೊಕ್ಕೆಯಿಂದ ನೇತುಹಾಕಿದೆ. ಎರಡು ದಿನ ಬೆನ್ನು ನೆಟ್ಟಗಾಗಲಿಲ್ಲ. ಯಜಮಾನರು ಬಾಗಿಲಲ್ಲಿ ಇಣುಕಿ, "ಕೋಳಿ ಅಂಗಡಿ ಥರ ಇದೆ" ಎಂದು ಹೇಳಿ ಟಿವಿ ಮುಂದೆ ಕೂತರು. ಇವರಿಂದ ನಮ್ಮ ಮನೆಗೆ ಸಿಗುವ ಸಹಾಯ ಸಾಮಾನ್ಯವಾಗಿ ಇಷ್ಟೇ.

ಈಗ ಅತ್ತೆ ವಿಷಯ. ಅವರಿಗೆ ಒಂದು ರೂಢಿ. ಮುಸ್ಸಂಜೆಗೆ ದೇವರಿಗೆ ದೀಪ ಹಚ್ಚಿದ ಮೇಲೆ ಮನೆಯ ಒಂದೊಂದೇ ರೂಮಿಗೆ ಹೋಗಿ ಲೈಟು ಹಾಕುತ್ತಾರೆ. ಹಾಕಿ, ಬಲ್ಬಿಗೋ ಟ್ಯೂಬ್‌ಲೈಟಿಗೋ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಬಚ್ಚಲಿನ ಬಲ್ಬನ್ನೂ ಬಿಡುವುದಿಲ್ಲ. ಹತ್ತು ನಿಮಿಷ ಬಿಟ್ಟು ಬೇಡದ ರೂಮುಗಳದ್ದನ್ನು ಆರಿಸಿಕೊಂಡು ಬರುತ್ತಾರೆ. ನಮ್ಮ ಕಡೆ ಇದು ಹೊಸದೇನಲ್ಲ, ನಿಮ್ಮ ಮನೆಯ ಹಿರಿಯರೂ ಕರೆಂಟು ಬಂದರೆ ಕೈ ಮುಗಿಯುತ್ತಿದ್ದಿರಬಹುದು. ಅವರು ಮೂವತ್ತು ವರ್ಷದಿಂದ ಹಾಗೇ ಮಾಡುತ್ತಿದ್ದಾರೆ. ನಾನು ಮೂವತ್ತು ವರ್ಷದಲ್ಲಿ ಒಂದು ಸಲವೂ ಅದನ್ನು ನಿಂತು ನೋಡಿರಲಿಲ್ಲ.

ಚೀಲ ಕಟ್ಟಿದ ದಿನವೇ ಜಗಳ.

"ಅತ್ತೆ, ಈ ರೂಮಲ್ಲಿ ಮಾತ್ರ ಲೈಟ್ ಹಾಕ್ಬೇಡಿ."

"ಮುಸ್ಸಂಜೆ ವೊತ್ನಲ್ಲಿ ಮನೆವೊಳಗೆ ಕತ್ಲೆ ಮಡಗಬಾರ್ದು ಕಣವ್ವ. ಲಕ್ಷ್ಮಿ ಬರೋ ವೊತ್ತು."

"ಲಕ್ಷ್ಮಿ ನಡುಮನೆಗೆ ಬರ್ಲಿ, ದೇವರ ಮನೆಗೆ ಬರ್ಲಿ. ಅಣಬೆ ರೂಮಿಗೆ ಬಂದು ಏನ್ಮಾಡ್ತಾಳೆ?"

"ಅಲ್ಲ ಕಣಮ್ಮ, ಗುಡುಗಿದ ಮಾರ್ನೆ ದಿನ ಹುತ್ತದ ಮೇಲೆ ಏಳ್ತವಲ್ಲ, ಆ ಅಣಬೆಗೆ ಯಾರು ಬಾಗ್ಲು ಹಾಕಿ ಕತ್ಲೆ ಮಾಡ್ಕೊಡ್ತಾರೆ? ಬಯಲ್ನಲ್ಲೇ ಮಕ ಎತ್ಕಂಡು ನಿಂತಿರ್ತವೆ. ನಾವು ಮಕ್ರಿಗಟ್ಲೆ ಕಿತ್ಕಂಡು ಬತ್ತಿದ್ದೊ."

"ಅದು ಕಾಡು ಅಣಬೆ ಅತ್ತೆ. ಇದು ಟ್ರೈನಿಂಗ್ ತಗೊಂಡು ಬೆಳೆಯೋ ಅಣಬೆ."

"ಓಹೋ. ಟ್ರೈನಿಂಗ್ ನಿಂಗಾ, ಅಣಬೆಗಾ?"

ಯಜಮಾನರು ಟಿವಿ ಮುಂದೆ ಕೂತಲ್ಲೇ ಕಿಸಕ್ಕನೆ ನಕ್ಕರು. ನನಗೆ ಉರಿದುಹೋಯಿತು. ಸ್ವಿಚ್ಚಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಟೇಪಿನ ತುದಿ ಬಿಟ್ಟಿತ್ತು. ಮತ್ತೆ ಅಂಟಿಸಿದೆ. ಮತ್ತೆ ಬಿಟ್ಟಿತ್ತು. ಅತ್ತೆ ಏನೂ ಗೊತ್ತಿಲ್ಲದವರ ಹಾಗೆ ಸೊಪ್ಪು ಸೋಸುತ್ತಿದ್ದರು.

ಮೂರು ವಾರದ ಹೊತ್ತಿಗೆ ಚೀಲಗಳೆಲ್ಲ ಹತ್ತಿ ಸುತ್ತಿದ ಹಾಗೆ ಬೆಳ್ಳಗಾದವು. ನನ್ನ ಖುಷಿ ಕೇಳಬೇಡಿ. ಹೇಳಿಕೊಟ್ಟ ಹಾಗೇ ಪ್ಲಾಸ್ಟಿಕ್ ಕತ್ತರಿಸಿ ತೆಗೆದೆ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆ, ಬಾಗಿಲು ಭದ್ರವಾಗಿ ಹಾಕಿದೆ. ಕತ್ತಲೆ, ಕತ್ತಲೆ, ಕತ್ತಲೆ. ಐದಾರು ದಿನಕ್ಕೆ ಟಾರ್ಚು ಹಿಡಿದು ಒಳಗೆ ಹೋಗಿ ನೋಡಿದರೆ, ಅದನ್ನು ಅಣಬೆ ಎಂದು ಕರೆಯುವುದಕ್ಕೂ ನಾಚಿಕೆ. ಬಿಳಚಿಕೊಂಡ ಉದ್ದುದ್ದ ಕಡ್ಡಿಗಳು, ತುದಿಯಲ್ಲಿ ಬೆಂಕಿಕಡ್ಡಿಯ ಮದ್ದಿನಷ್ಟು ತಲೆ. ಕೊಡೆಯೇ ಇಲ್ಲ. ಮೊಳಕೆ ಬಂದು ಹೆಚ್ಚಾಗಿ ಬಿಟ್ಟ ಹೆಸರುಕಾಳು ನೋಡಿದ್ದೀರಲ್ಲ, ಹಾಗೆ. ಎಂಟು ಚೀಲವೂ ಹಾಗೇ. ನಾನು ಆ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಫೋಟೋ ತೆಗೆದು ಬನ್ನಿಮಂಟಪದ ಮಹಾನುಭಾವರಿಗೆ ಕಳಿಸಿದೆ. ಅವರ ವಾಯ್ಸ್ ಮೆಸೇಜು ಐದು ನಿಮಿಷಕ್ಕೆ ಬಂತು: "ಮೇಡಂ, ಇದು ಲೈಟ್ ಬಿದ್ದಿರೋ ಕೇಸು. ಮನೇಲಿ ಯಾರಾದ್ರೂ ವಯಸ್ಸಾದೋರು ಇದ್ದಾರಾ? ಇದ್ರೆ ಅವ್ರೇ ಹಾಕಿರ್ತಾರೆ, ಹೇಳಿದ ಮಾತು ಕೇಳೋದಿಲ್ಲ ಅವ್ರು."

ಆ ಮನುಷ್ಯ ನಮ್ಮ ಮನೆ ನೋಡಿಲ್ಲ, ರೂಮು ನೋಡಿಲ್ಲ, ಚೀಲ ಮುಟ್ಟಿಲ್ಲ. ಆದರೂ ಯಾರ ತಪ್ಪು ಎಂದು ಐದು ನಿಮಿಷಕ್ಕೆ ಗೊತ್ತಾಗಿಬಿಟ್ಟಿತು. ಮನೆಯಲ್ಲಿ ಏನು ಕೆಟ್ಟರೂ ವಯಸ್ಸಾದ ಹೆಂಗಸಿನ ಕಡೆ ಬೆರಳು ತೋರಿಸುವುದು ಎಷ್ಟು ಸಲೀಸು ನೋಡಿ. ಇದು ನನಗೆ ಈಗ ಕಾಣುತ್ತಿದೆ. ಆವತ್ತು ಕಾಣಲಿಲ್ಲ. ಆವತ್ತು ನನಗೆ ಅನ್ನಿಸಿದ್ದು ಒಂದೇ: ಸಿಕ್ಕಿಬಿದ್ದಳು ಮುದುಕಿ.

ಮುಸ್ಸಂಜೆ ಹೊತ್ತಿಗೆ ಫೋನನ್ನು ರೂಮಿನೊಳಗೆ ಒಂದು ಅಕ್ಕಿ ಡಬ್ಬಕ್ಕೆ ಒರಗಿಸಿ, ವಿಡಿಯೋ ಆನ್ ಮಾಡಿ, ನಾನು ಬಾಗಿಲ ಹಿಂದೆ ನಿಂತೆ. ಅತ್ತೆ ಬಂದರು. ಉಗುರಿನಿಂದ ಟೇಪು ಎತ್ತಿದರು. ಟ್ಯೂಬು ಎರಡು ಸಲ ಮಿಣುಕಿ ಹತ್ತಿಕೊಂಡಿತು. ಕಣ್ಣು ಮುಚ್ಚಿದರು, ಕೈ ಮುಗಿದರು, ತುಟಿ ಅಲ್ಲಾಡುತ್ತಿತ್ತು. ಸುತ್ತ ನನ್ನ ಎಂಟು ಚೀಲಗಳು ನೇತಾಡುತ್ತಿದ್ದವು. ನಾನು ಹಿಂದಿನಿಂದ "ಸಿಕ್ಕಿಬಿದ್ರಿ ಅತ್ತೆ!" ಎಂದು ಕೂಗಿದೆ. ಅವರು ಬೆಚ್ಚಿಬಿದ್ದು ಚೀಲವೊಂದಕ್ಕೆ ತಲೆ ತಾಗಿಸಿಕೊಂಡರು. ತಲೆಯ ಮೇಲೆ ಹುಲ್ಲು ಅಂಟಿಕೊಂಡಿತು.

ಅದಕ್ಕೆ ನಗುವಿನ ಸದ್ದು ಸೇರಿಸಿ, "ಅಣಬೆ ಹಂತಕಿ ಕ್ಯಾಮೆರಾದಲ್ಲಿ ಸೆರೆ" ಎಂದು ಬರೆದು ಹಾಕಿದೆ. ನಾನು. ಬೇರೆ ಯಾರೂ ಅಲ್ಲ.

ನೀವೆಲ್ಲ ಮುಗಿಬಿದ್ದಿರಿ. ನನ್ನ ಯಾವ ಬರಹಕ್ಕೂ ಅಷ್ಟು ಜನ ಬಂದಿರಲಿಲ್ಲ. ಒಬ್ಬ ಪುಣ್ಯಾತ್ಮ "ಟ್ಯೂಬ್‌ಲೈಟ್ ಅಜ್ಜಿ" ಎಂದು ಹೆಸರಿಟ್ಟ. ಆ ಹೆಸರೇ ನಿಂತಿತು. ಇನ್ನೊಬ್ಬ ಅತ್ತೆ ಕೈ ಮುಗಿದು ನಿಂತ ಚಿತ್ರವನ್ನು ಕತ್ತರಿಸಿ ಫ್ರಿಜ್ಜಿನ ಮುಂದೆ, ಮಿಕ್ಸಿ ಮುಂದೆ, ಟ್ರಾಫಿಕ್ ಸಿಗ್ನಲ್ಲಿನ ಮುಂದೆ ಅಂಟಿಸಿದ. ನಾನು ಅದಕ್ಕೂ ನಗುವ ಮುಖ ಒತ್ತಿದೆ. ಒತ್ತಿದ ಈ ಬೆರಳನ್ನು ಏನು ಮಾಡಬೇಕೋ ಗೊತ್ತಾಗುತ್ತಿಲ್ಲ.

ಅತ್ತೆಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರ ಹತ್ತಿರ ಇರುವುದು ಬಟನ್ನಿನ ಫೋನು. ನಾಲ್ಕನೇ ದಿನ ಹಾಲಿನ ಬೂತಿನಿಂದ ಬಂದವರು ಚೊಂಬು ಕೆಳಗಿಟ್ಟು ಕೇಳಿದರು:

"ಬೂತ್ನೋನು 'ಏನಜ್ಜಿ, ಇವತ್ತು ಲೈಟ್ಗೆ ಪೂಜೆ ಆಯ್ತಾ' ಅಂದ. ಸುತ್ತ ನಿಂತಿದ್ದೋರೆಲ್ಲ ನಕ್ಕುಬುಟ್ರು. ಯಾಕವ್ವ?"

ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. "ಇನ್ನೊಂದ್ಸಲ ಹಾಕು" ಎಂದರು. ಹಾಕಿದೆ. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ಹಾಲು ಕಾಯಿಸಲು ಹೋದರು. ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಮರುದಿನ ಎರಡು ಸೀರೆ, ಬಿಪಿ ಮಾತ್ರೆ ಬ್ಯಾಗಿಗೆ ಹಾಕಿಕೊಂಡು ಮಗನಿಗೆ, "ನಾಕ್ ದಿನ ಮಗಳ ಮನೇಲಿ ಇದ್ದು ಬತ್ತೀನಿ, ಬುಟ್ಬುಟ್ಟು ಬಾ" ಎಂದರು. ಯಜಮಾನರು ಸ್ಕೂಟರಿನಲ್ಲಿ ಬಿಟ್ಟು ಬಂದರು. ಬಂದು, "ನೀವಿಬ್ರೇ ಬಗೆಹರಿಸ್ಕೊಳ್ಳಿ, ನನ್ನ ಎಳೀಬೇಡಿ" ಎಂದರು. ಎಳೆಯುವುದಕ್ಕೆ ಈ ಮನುಷ್ಯ ಯಾವತ್ತು ಮುಂದೆ ನಿಂತಿದ್ದರು?

ನಾಲ್ಕು ದಿನ ಹತ್ತು ದಿನವಾಯಿತು. ಆಗ ನಾದಿನಿಯ ಫೋನು.

"ಅತ್ತಿಗೆ, ನಮ್ಮವ್ವ ಏನು ನಿಮ್ಗೆ ಜೋಕರ್ರಾ?"

"ನಿಮ್ಮವ್ವ ನನ್ನ ಎಂಟು ಚೀಲ ಹಾಳ್ಮಾಡಿದ್ದಾರೆ, ಅದು ಗೊತ್ತಾ ನಿಂಗೆ?"

"ಲೈಟ್ ಹಾಕಿದ್ದಕ್ಕೇ ಹಾಳಾಯ್ತು ಅಂತ ಹೆಂಗೆ ಹೇಳ್ತೀರಿ? ತೋರ್ಸಿ. ತೋರ್ಸಿದ್ರೆ ನಾನೇ ಅವ್ವನ್ನ ಕರ್ಕಂಡ್ ಬಂದು ಸಾರಿ ಕೇಳಿಸ್ತೀನಿ. ಇಲ್ದಿದ್ರೆ ನೀವು ಬಂದು ಕೇಳಿ."

"ತೋರಿಸ್ತೀನಿ ಇರು!"

ಫೋನು ಕುಕ್ಕಿದೆ. ಆವತ್ತೇ ಹುಲ್ಲು ನೆನೆಸಿದೆ. ಒಂದೇ ದಿನ, ಒಂದೇ ಹುಲ್ಲು, ಒಂದೇ ಪೊಟ್ಟಣದ ಬೀಜ, ಎರಡು ಚೀಲ. ಎರಡೂ ಬೆಳ್ಳಗಾಗುವ ತನಕ ಆ ಕತ್ತಲೆ ರೂಮಿನಲ್ಲೇ ಇಟ್ಟೆ. ಪ್ಲಾಸ್ಟಿಕ್ ತೆಗೆದ ಮೇಲೆ ಒಂದನ್ನು ಅಲ್ಲೇ ಬಿಟ್ಟೆ. ಇನ್ನೊಂದನ್ನು ಹಿಂದುಗಡೆ ಬಟ್ಟೆ ಒಗೆಯುವ ಜಾಗದಲ್ಲಿ ನೇತುಹಾಕಿದೆ. ಅಲ್ಲಿ ಗ್ರಿಲ್ಲಿದೆ, ನೇರ ಬಿಸಿಲು ಬೀಳುವುದಿಲ್ಲ, ಆದರೆ ಬೆಳಗ್ಗೆಯಿಂದ ಸಂಜೆಯವರೆಗೆ ಬೆಳಕು ಧಾರಾಳ. ಸಾಲದ್ದಕ್ಕೆ ಮುಸ್ಸಂಜೆಗೆ ಸರಿಯಾಗಿ ನಾನೇ ಹೋಗಿ ಅಲ್ಲಿನ ಟ್ಯೂಬು ಹಾಕುತ್ತಿದ್ದೆ. ಸಾಯಲಿ ಅಂತ. ಆ ಚೀಲ ಕೊಳೆತು ನಾರಬೇಕು, ಅದರ ವಿಡಿಯೋ ತೆಗೆದು ನಾದಿನಿಯ ಮುಖಕ್ಕೆ ಹಿಡಿಯಬೇಕು, ಇದೇ ನನ್ನ ಆಸೆ.

ಐದನೇ ದಿನ ಬಟ್ಟೆ ಒಣಹಾಕಲು ಹೋದವಳು ಬಕೆಟ್ಟು ಕೆಳಗಿಟ್ಟು ನಿಂತೆ. ಚೀಲದ ಮೈಯಲ್ಲಿ ಗೊಂಚಲು ಗೊಂಚಲು ಮೊಗ್ಗು. ಏಳನೇ ದಿನಕ್ಕೆ ನನ್ನ ಅಂಗೈಯನ್ನು ಮುಚ್ಚುವಷ್ಟು ಅಗಲದ ಚಿಪ್ಪುಗಳು, ಬೂದು ಬಣ್ಣ, ಗಿಡ್ಡ ಗಟ್ಟಿ ಕಾಂಡ. ಓಡಿಹೋಗಿ ಕತ್ತಲೆ ರೂಮಿನ ಬಾಗಿಲು ತೆಗೆದೆ. ಅಲ್ಲಿ ಅದೇ ಬಿಳಚು ಕಡ್ಡಿಗಳು, ಅದೇ ಬೆಂಕಿಕಡ್ಡಿ ತಲೆ. ಅತ್ತೆಯೇ ಇರದ ಮನೆಯಲ್ಲಿ, ಯಾರೂ ಒಂದು ನಿಮಿಷವೂ ಲೈಟು ಹಾಕದ ರೂಮಿನಲ್ಲಿ.

ಸುಟ್ಟುಕೊಂಡವರ ಹಾಗೆ ಬನ್ನಿಮಂಟಪಕ್ಕೆ ಫೋನು ಮಾಡಿದೆ.

"ಹೌದು ಮೇಡಂ, ಚೀಲ ಬೆಳ್ಳಗಾಗೋ ತನಕ ಕತ್ತಲೆ. ಓಪನ್ ಮಾಡಿದ್ಮೇಲೆ ಬೆಳಕು, ಗಾಳಿ ಎರಡೂ ಬೇಕೇ ಬೇಕು. ಪೇಪರ್ ಓದೋವಷ್ಟು ಬೆಳಕಿರ್ಬೇಕು. ಇಲ್ಲಾಂದ್ರೆ ಕೊಡೆ ಬಿಚ್ಚಲ್ಲ, ಕಾಂಡ ಒಂದೇ ಉದ್ದ ಹೋಗುತ್ತೆ."

"ಮತ್ತೆ ಕ್ಲಾಸಲ್ಲಿ ಯಾಕ್ರೀ ಹೇಳ್ಲಿಲ್ಲ?"

"ಅದು ಅಡ್ವಾನ್ಸ್ ಕೋರ್ಸಲ್ಲಿ ಬರುತ್ತೆ ಮೇಡಂ."

"ಮೊದಲು ನಮ್ಮತ್ತೆ ದಿನಾ ಹತ್ತು ನಿಮಿಷ ಲೈಟ್ ಹಾಕಿದ್ರಲ್ಲ, ಅದ್ರಿಂದ ಏನಾದ್ರೂ ಆಗಿತ್ತಾ?"

"ಹತ್ತು ನಿಮಿಷಕ್ಕೆ ಏನಾಗುತ್ತೆ ಮೇಡಂ? ಏನೂ ಆಗಲ್ಲ."

"ಹಂಗಾದ್ರೆ ವಯಸ್ಸಾದೋರ ಮೇಲೆ ತಪ್ಪು ಯಾಕ್ರೀ ಹಾಕಿದ್ರಿ?"

"ಸಾಮಾನ್ಯವಾಗಿ ಹೇಳ್ದೆ ಮೇಡಂ. ನೀವು ಅಡ್ವಾನ್ಸ್ ಕೋರ್ಸಿಗೆ ಬನ್ನಿ, ಎಲ್ಲ ಕ್ಲಿಯರ್ ಆಗುತ್ತೆ."

ಆಮೇಲೆ ನಾನು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಅರ್ಧ ಪಾಠ ಹೇಳಿ, ಉಳಿದರ್ಧಕ್ಕೆ ಬಾಗಿಲು ಹಾಕಿಕೊಳ್ಳುವವರನ್ನು ಏನೆಂದು ಕರೆಯಬೇಕು? ಆ ಮೂವತ್ತು ಸೆಕೆಂಡಿನ ವಿಡಿಯೋಗಳೂ ಅಷ್ಟೇ. ಕತ್ತಲೆ ರೂಮು ತೋರಿಸುತ್ತಾರೆ, ಬುಟ್ಟಿ ತೋರಿಸುತ್ತಾರೆ, ನಡುವೆ ಟಾರ್ಪಾಲು ತೆಗೆದದ್ದನ್ನು ತೋರಿಸುವುದಿಲ್ಲ. ಮನೆಯಲ್ಲಿ ಬೆಳೆಯುವವರು ಇದೊಂದನ್ನಾದರೂ ಇಲ್ಲಿಂದ ತೆಗೆದುಕೊಂಡು ಹೋಗಿ: ಚೀಲ ಬೆಳ್ಳಗಾದ ಮೇಲೆ ಕಿಟಕಿ ತೆಗೆಯಿರಿ. ಬಿಸಿಲಿಗಿಟ್ಟರೆ ಒಣಗಿ ಹೋಗುತ್ತದೆ, ಕತ್ತಲಲ್ಲಿಟ್ಟರೆ ಸೊರಗುತ್ತದೆ. ಇದಕ್ಕೆ ಯಾವ ಅಡ್ವಾನ್ಸ್ ಕೋರ್ಸೂ ಬೇಡ.

ಮಾತಿನ ಪ್ರಕಾರ ನಾನು ನಜರ್‌ಬಾದಿಗೆ ಹೋಗಬೇಕಿತ್ತು. ಹೋದೆ. ಆ ಅಗಲದ ಅಣಬೆಗಳನ್ನೆಲ್ಲ ಕೊಯ್ದು ಸ್ಟೀಲ್ ಡಬ್ಬಿಗೆ ತುಂಬಿದೆ. ಕಡ್ಡಿ ಅಣಬೆಯ ಫೋಟೋ ಫೋನಿನಲ್ಲಿತ್ತು. ಆಟೋದಲ್ಲಿ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಅತ್ತೆ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾದಿನಿ ಗೋಡೆಗೆ ಒರಗಿ ಕೈ ಕಟ್ಟಿ ನಿಂತಳು, ಕೋರ್ಟಿನಲ್ಲಿ ನಿಂತ ಹಾಗೆ.

ಡಬ್ಬಿ ತೆಗೆದು ತೋರಿಸಿದೆ. ಫೋಟೋ ತೋರಿಸಿದೆ. "ಅತ್ತೆ, ತಪ್ಪು ನಂದೇ. ಅಣಬೆಗೆ ಬೆಳಕು ಬೇಕಿತ್ತು. ನೀವು ಹುತ್ತದ ಅಣಬೆ ವಿಷಯ ಹೇಳಿದಾಗ್ಲೇ ಕೇಳ್ಬೇಕಿತ್ತು. ಇನ್ನೊಂದು ವಿಡಿಯೋ ಮಾಡಿ, ನಮ್ಮತ್ತೆ ಏನೂ ಮಾಡಿಲ್ಲ ಅಂತ ಎಲ್ಲರ್ಗೂ ಹೇಳ್ತೀನಿ."

ಅತ್ತೆ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು.

"ಬೆಳ್ಕು ಬೇಡ್ದೇ ಇದ್ದಿದ್ರೆ?"

"ಏನತ್ತೆ?"

"ಅಣಬೆಗೆ ಬೆಳ್ಕು ಬೇಡ್ದೇ ಇದ್ದು, ನಾನೇ ಹಾಳ್ಮಾಡಿದ್ದಿದ್ರೆ, ಆಗ ನೀನು ಮಾಡಿದ್ದು ಸರಿಯಾಗ್ತಿತ್ತಾ?"

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ಚೀಲ ಹೋದ್ರೆ ಇನ್ನೊಂದು ಕಟ್ಬೋದು ಕಣವ್ವ. ನೀನು ಬೇಡ ಅಂದ್ರೂ ನಾನು ಲೈಟ್ ಹಾಕ್ದೆ, ಅದು ನನ್ನ ತಪ್ಪೇಯ. ಬೈಬೇಕಿತ್ತು ನೀನು. ಕೈ ಮುಗಿಯೋವಾಗ ನಾನು ಕಣ್ಮುಚ್ಚಿರ್ತೀನಿ. ಎದ್ರಿಗೆ ಯಾರವ್ರೆ ಅಂತ ನೋಡ್ಕಂಡು ಮುಗಿಯೋ ಕೈಯಲ್ಲ ಅದು. ಈಗ ನೋಡ್ಕಂಡು ಮುಗಿಯಂಗಾಗದೆ. ಇಲ್ಲಿ ಮಗಳ ಮನೇಲೂವೆ ಮೊದ್ಲು ತಿರುಗಿ ನೋಡ್ತೀನಿ, ಆಮೇಲೆ ಮುಗಿತೀನಿ. ಅದನ್ನ ಯಾವ ವಿಡಿಯೋದಲ್ಲಿ ಸರಿ ಮಾಡ್ತೀಯ?"

ನಾದಿನಿಯ ಕೈ ಕೆಳಗಿಳಿದಿತ್ತು. ಅಲ್ಲೇ, ಅವರ ಮುಂದೆಯೇ ವಿಡಿಯೋ ಅಳಿಸಿದೆ. ಅತ್ತೆ ಅದನ್ನು ನೋಡಲೂ ಇಲ್ಲ. "ಆ ಕಾಂಡದ ಬುಡ ಬಿರ್ಸಿರ್ತದೆ, ತಗ್ದುಬುಟ್ಟು ಮಾಡು" ಎಂದು ಮಗಳಿಗೆ ಹೇಳಿ ಮತ್ತೊಂದು ಕಾಯಿ ತೆಗೆದುಕೊಂಡರು. ನಾದಿನಿ ಮೆಣಸು ಹಾಕಿ ಪಲ್ಯ ಮಾಡಿದಳು. ಮೂವರೂ ಕೂತು ಉಂಡೆವು. ಅತ್ತೆ ಎರಡನೇ ಸಲ ಹಾಕಿಸಿಕೊಂಡರು. ನಾನು ಅದನ್ನು ನೋಡಿ ನೋಡಿ ಏನೇನೋ ಲೆಕ್ಕ ಹಾಕಿಕೊಂಡು ಮನೆಗೆ ಬಂದೆ.

ನಾನು ಅಳಿಸಿದರೇನು, ನೀವು ಅಳಿಸಿದಿರಾ? ಮೊನ್ನೆ ಯಾವುದೋ ಮದುವೆಮನೆ ಗ್ರೂಪಿನಲ್ಲಿ ಆ ಟ್ರಾಫಿಕ್ ಸಿಗ್ನಲ್ಲಿನ ಚಿತ್ರ ಮತ್ತೆ ಬಂದಿದೆ. ಕಳಿಸಿದವರಿಗೆ ಅದು ಯಾರ ತಾಯಿ ಎಂದೂ ಗೊತ್ತಿಲ್ಲ. ನಿಮ್ಮ ಮೇಲೂ ಸಿಟ್ಟಿದೆ ನನಗೆ, ಮುಚ್ಚಿಡುವುದಿಲ್ಲ. ಆದರೆ ಬೆಂಕಿ ಹಚ್ಚಿದವಳು ನಾನು, ನಿಮ್ಮನ್ನು ಎಷ್ಟು ಬೈದರೂ ಅದು ತಿರುಗಿ ನನ್ನ ಹತ್ತಿರವೇ ಬರುತ್ತದೆ.

ಇದನ್ನು ಹಾಕುವ ಮೊದಲು ಫೋನು ಮಾಡಿ ಪೂರ್ತಿ ಓದಿ ಹೇಳಿದೆ. ಇನ್ನು ಮೇಲೆ ಅವರನ್ನು ಕೇಳದೆ ಅವರ ಬಗ್ಗೆ ಒಂದು ಅಕ್ಷರವೂ ಹಾಕುವುದಿಲ್ಲ. "ಸಿಕ್ಕಿಬಿದ್ದಳು ಮುದುಕಿ" ಎನ್ನುವಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. "ಓದು, ಓದು, ಅಂದ್ಕಂಡಿದ್ದೆ ತಾನೆ" ಎಂದರು. ಓದಿ ಮುಗಿಸಿದೆ. ಹಿಂದೆ ನಾದಿನಿಯ ಕುಕ್ಕರು ಕೂಗುವುದು ಕೇಳಿಸುತ್ತಿತ್ತು.

"ಹಾಕ್ಕೋ. ಫೋಟೋ ಬ್ಯಾಡ."

"ಇಲ್ಲ ಅತ್ತೆ."

"ಇನ್ನೊಂದು. ಕೊನೇಲಿ 'ಅತ್ತೆ ನನ್ನ ಕ್ಷಮಿಸಿದರು, ಮುಂದಿನ ವಾರ ಮನೆಗೆ ಬರ್ತಾರೆ' ಅಂತ ಬರ್ದಿದ್ದೀಯಲ್ಲ, ಅದನ್ನ ತಗಿ. ನಾನು ಅಂಗಂತ ಯಾವಾಗ ಹೇಳ್ದೆ?"

"ಪಲ್ಯ ಎರಡು ಸಲ ಹಾಕಿಸ್ಕೊಂಡ್ರಲ್ಲ ಅತ್ತೆ, ಅದಕ್ಕೆ..."

"ಪಲ್ಯ ಚೆನ್ನಾಗಿತ್ತು, ತಿಂದೆ. ಇನ್ನೂ ಯೋಚ್ನೆ ಮಾಡ್ತಿವ್ನಿ."

ಆ ಸಾಲು ತೆಗೆದಿದ್ದೇನೆ.